ಕಪೆರ್ನೌಮಿನ ಕಲ್ಲುಗಳು ನಮಗೆ ಹೇಳುವುದೇನು?

ಪ್ರಿಯ ಯೌವನಸ್ಥರೇ, ಮತ್ತಾಯ 11:23 ತೆಗೆಯಿರಿ. ಪರದೆ ಮೇಲೆ ಕಾಣ್ತಿರುವ ಫೋಟೋ ಆ ಕಪೆರ್ನೌಮಿನದ್ದೇ.

ನಮ್ಮ ಹೂಡೆಯ ಹಾಗೆ ಅದೂ ನೀರಿನ ದಡದ ಊರು, ಬಲೆ ಬೀಸುವವರ ಊರು. ಕಪ್ಪು ಕಲ್ಲಿನ ಗೋಡೆಗಳನ್ನು ನೋಡಿ. ಯೇಸು ಸ್ವಾಮಿಯ ಕಾಲದ ಮನೆಗಳು ಹೀಗೇ ಇದ್ದವು. ಬಿಳಿ ಕಂಬಗಳ ಸಭಾಮಂದಿರ ಕೆಲವು ಶತಮಾನಗಳ ನಂತರದ್ದು. 1968ರಲ್ಲಿ ಶುರುವಾದ ಉತ್ಖನನದಲ್ಲಿ, 5ನೇ ಶತಮಾನದ ಎಂಟು ಮೂಲೆಯ ಚರ್ಚಿನ ಅಡಿಯಲ್ಲಿ ಒಂದು ಹಳೆಯ ಮನೆ ಸಿಕ್ಕಿತು. ಅದು ಪೇತ್ರನ ಮನೆ ಎಂದು ಆಗಿನ ಕ್ರೈಸ್ತರು ನಂಬಿದ್ದರು.

ಇಂಥ ಫೋಟೋ ವಾಟ್ಸಾಪ್‌ಗೆ ಬಂದರೆ "ನೋಡು, ಬೈಬಲ್ ನಿಜ" ಅಂತ ಗೆಳೆಯರಿಗೆ ಕಳಿಸ್ತೇವೆ. ಕಳಿಸಿ, ತಪ್ಪಿಲ್ಲ. ನನಗೂ ಸಂತೋಷವೇ. ಆದರೆ ಒಂದು ಪ್ರಶ್ನೆ ಕೇಳ್ತೇನೆ: ಆ ಊರಿನವರಿಗೆ ಪುರಾವೆ ಕಡಿಮೆ ಇತ್ತಾ? ಪಾರ್ಶ್ವವಾಯು ರೋಗಿ ಹಾಸಿಗೆ ಎತ್ತಿಕೊಂಡು ನಡೆದದ್ದನ್ನು ಕಣ್ಣಾರೆ ಕಂಡರು. ಒಂದು ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಆದರೂ ಮನಸ್ಸು ದೇವರ ಕಡೆ ತಿರುಗಲಿಲ್ಲ. ಯೇಸು ಸ್ವಾಮಿ ಎಚ್ಚರಿಕೆ ಕೊಟ್ಟದ್ದು ಅದಕ್ಕೇ.

ಮಣಿಪಾಲದ ಕ್ಲಾಸಿನಲ್ಲಿ ಗೆಳೆಯ "ಪ್ರೂಫ್ ಎಲ್ಲಿ?" ಅಂತ ಕೇಳಿದರೆ ಈ ಫೋಟೋ ತೋರಿಸಿ. ಆದರೆ ಇಲ್ಲೊಂದು ಊರಿತ್ತು ಅಂತ ಮಾತ್ರ ಕಲ್ಲು ಹೇಳಬಲ್ಲದು. ಕರ್ತನು ನನ್ನನ್ನು ಬದಲಾಯಿಸಿದ್ದಾನೆ ಅಂತ ಹೇಳಬೇಕಾದದ್ದು ನಿಮ್ಮ ಬದುಕು. ಹಾಸ್ಟೆಲ್‌ನಲ್ಲಿ ಆಡುವ ಮಾತು, ಪರೀಕ್ಷೆಯಲ್ಲಿ ಪ್ರಾಮಾಣಿಕತೆ, ಅಮ್ಮನಿಗೆ ಫೋನಿನಲ್ಲಿ ಹೇಳುವ ನಿಜ — ಆ ಗೆಳೆಯ ನೋಡುವುದು ಇದನ್ನೇ.

ಎಲ್ಲ ಕಂಡೂ ತಿರುಗದ ಊರು ಇವತ್ತು ಪ್ರವಾಸಿಗರು ಫೋಟೋ ತೆಗೆಯುವ ಪಾಳು. ನಮಗೆ ಇನ್ನೂ ಸಮಯ ಇದೆ. ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಆಮೆನ್.