ಯಾರೂ ಬಿಚ್ಚಿ ನೋಡದ ಫಿಲ್ಟರ್

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಮಳೆಗಾಲದ ಕಡಲು ಬೇರೆ. ಮಂಗಳೂರಿನ ಧಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಅವುಗಳ ಹಿಂದೆಯೇ ಇನ್ನೊಂದು ಪಡೆಗೂ ಬಿಡುವು ಸಿಗುತ್ತದೆ. ವರ್ಷವಿಡೀ ಬಂಗುಡೆ, ಬೂತಾಯಿ, ಐಸಿನ ಪೆಟ್ಟಿಗೆಗಳನ್ನು ಹೊತ್ತು ರಾತ್ರಿಯಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಹತ್ತುವ ಡೀಸೆಲ್ ಪಿಕಪ್‌ಗಳು ಗ್ಯಾರೇಜುಗಳ ಮುಂದೆ ಸಾಲುಗಟ್ಟುವುದು ಈ ಎರಡು ತಿಂಗಳಲ್ಲಿ. ಆಯಿಲ್ ಬದಲಾಗುತ್ತದೆ, ಬ್ರೇಕ್ ಸರಿಯಾಗುತ್ತದೆ, ಉಪ್ಪುನೀರು ತಿಂದ ತಗಡಿಗೆ ವೆಲ್ಡಿಂಗ್ ಆಗುತ್ತದೆ. ಜೊತೆಗೆ ಎರಡು ಫಿಲ್ಟರುಗಳು ಬದಲಾಗುತ್ತವೆ, ಅಥವಾ ಬದಲಾಗುವುದಿಲ್ಲ.

ಈ 'ಅಥವಾ' ಎಂಬುದರ ಬಗ್ಗೆ ನಾನು ಬರೆಯಬೇಕೆಂದಿರುವುದು.

ನಾನು ಕಾಲೇಜಿನಲ್ಲಿ ಪಾಠ ಮಾಡುವವನು, ಯಂತ್ರ ಬಲ್ಲವನಲ್ಲ. ಅಕ್ಕನ ಗಂಡ ಮೀನಿನ ಪಿಕಪ್ ಒಂದನ್ನು ಇಟ್ಟುಕೊಂಡಿದ್ದಾರೆ. ರಜೆಯಲ್ಲಿ ಭಾವನ ಜೊತೆ ಗ್ಯಾರೇಜಿಗೆ ಹೋಗಿ ಕೂರುವುದು ನನಗೆ ರೂಢಿಯಾಗಿದೆ. ಅಲ್ಲಿ ಕೂತು ಕೂತು ತಿಳಿದುಕೊಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಪ್ರಶ್ನೆ ಹುಟ್ಟಿದ್ದು ಆ ಎರಡು ಡಬ್ಬಿಗಳ ಒಳಗಿನಿಂದಲೇ.

ಆಯಿಲ್ ಫಿಲ್ಟರ್ ಎಂದರೆ ನೆರಿಗೆ ನೆರಿಗೆಯಾಗಿ ಮಡಚಿದ ಕಾಗದವನ್ನು ತುಂಬಿದ ಒಂದು ತಗಡಿನ ಡಬ್ಬಿ. ಎಂಜಿನ್ನಿನೊಳಗೆ ಸುತ್ತುವ ಎಣ್ಣೆ ಇದರ ಮೂಲಕ ಹಾದು ಬರುತ್ತದೆ. ಲೋಹ ಸವೆದ ಪುಡಿ, ಮಸಿಯ ಗಂಟು, ಧೂಳು ಕಾಗದದಲ್ಲಿ ಉಳಿಯುತ್ತವೆ. ಡೀಸೆಲ್ ಫಿಲ್ಟರಿನ ಕೆಲಸ ಇನ್ನೂ ಸೂಕ್ಷ್ಮ. ಇಂದಿನ ಎಂಜಿನ್ನುಗಳಲ್ಲಿ ಡೀಸೆಲ್ಲನ್ನು ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಇಂಜೆಕ್ಟರಿನ ಸಣ್ಣ ರಂಧ್ರಗಳಿಂದ ಚಿಮ್ಮಿಸುತ್ತಾರೆ. ಅಲ್ಲಿ ಭಾಗ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಎಂದುಕೊಂಡರೆ, ಕಣ್ಣಿಗೆ ಕಾಣದ ಕಸವೂ ಅಲ್ಲಿ ಬಂಡೆಯೇ. ಡೀಸೆಲ್ಲಿನಲ್ಲಿ ಸೇರಿದ ನೀರನ್ನು ಬೇರ್ಪಡಿಸುವುದೂ ಇದೇ ಫಿಲ್ಟರಿನ ಹೊಣೆ. ನಮ್ಮ ಊರಿನ ಮಳೆ ಮತ್ತು ತೇವದಲ್ಲಿ ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ಗಾಳಿಯ ತೇವವೇ ಹನಿಗಟ್ಟಿ ಇಳಿಯುತ್ತದೆ.

ಈಗ ಮುಖ್ಯವಾದ ವ್ಯತ್ಯಾಸ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡರೆ ಗಾಡಿ ಹೇಳುತ್ತದೆ. ಏರಿನಲ್ಲಿ ಎಳೆಯುವುದಿಲ್ಲ, ಬಿಕ್ಕುತ್ತದೆ, ಕೊನೆಗೆ ನಿಂತೇ ಬಿಡುತ್ತದೆ. ಆಯಿಲ್ ಫಿಲ್ಟರ್ ಕಟ್ಟಿಕೊಂಡರೆ ಗಾಡಿ ಏನೂ ಹೇಳುವುದಿಲ್ಲ. ಅದರ ವ್ಯವಸ್ಥೆಯಲ್ಲಿ ಬೈಪಾಸ್ ವಾಲ್ವ್ ಎಂಬುದೊಂದಿದೆ. ಕಾಗದದ ಮೂಲಕ ಎಣ್ಣೆ ಹರಿಯಲಾರದ ಸ್ಥಿತಿ ಬಂದಾಗ ಈ ವಾಲ್ವ್ ತಾನೇ ತೆರೆದುಕೊಳ್ಳುತ್ತದೆ. ಸೋಸದ ಎಣ್ಣೆಯನ್ನು ನೇರವಾಗಿ ಎಂಜಿನ್ನಿಗೆ ಬಿಡುತ್ತದೆ. ಎಣ್ಣೆಯೇ ಇಲ್ಲದೆ ಸುಟ್ಟುಹೋಗುವುದಕ್ಕಿಂತ ಕೊಳಕು ಎಣ್ಣೆಯಾದರೂ ಇರಲಿ ಎಂಬ ಲೆಕ್ಕಾಚಾರ. ಬುದ್ಧಿವಂತ ವ್ಯವಸ್ಥೆ, ಆದರೆ ಚಾಲಕನಿಗೆ ಇದರ ಸುಳಿವೇ ಸಿಗುವುದಿಲ್ಲ. ದೀಪ ಹೊತ್ತುವುದಿಲ್ಲ, ಸದ್ದು ಬದಲಾಗುವುದಿಲ್ಲ. ಗಾಡಿ ಓಡುತ್ತಲೇ ಇರುತ್ತದೆ. ಒಳಗೆ ಬೇರಿಂಗ್ ಸವೆಯುತ್ತಲೇ ಇರುತ್ತದೆ. ಎಣ್ಣೆಯ ಬಣ್ಣ ನೋಡಿ ತಿಳಿಯೋಣವೆಂದರೆ ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆಯೂ ಮಸಿಯಿಂದ ಬೇಗನೆ ಕಪ್ಪಾಗಿಬಿಡುತ್ತದೆ. ಅಂದರೆ ಫಿಲ್ಟರ್ ಬದಲಾಯಿತೋ, ಹಳೆಯದನ್ನೇ ಒರೆಸಿ ಹಾಗೇ ಬಿಟ್ಟರೋ ಎಂಬುದನ್ನು ಮಾಲೀಕ ಗಾಡಿ ಓಡಿಸಿ ತಿಳಿಯಲಾರ. ಅದರ ಫಲ ಬರುವುದು ಎಷ್ಟೋ ಸಾವಿರ ಕಿಲೋಮೀಟರುಗಳ ಆಚೆ. ಆ ಹೊತ್ತಿಗೆ ಗಾಡಿ ಎರಡನೆಯ, ಮೂರನೆಯ ಕೈಗೆ ಹೋಗಿರುತ್ತದೆ. ಇಲ್ಲಿ ಮಾಡಿದ ಮೋಸ ಎಲ್ಲೋ ಹಾಸನದ ಕಡೆಯ ಒಬ್ಬ ತರಕಾರಿಯವನ ತಲೆಗೆ ಬಂದು ಬಡಿಯುತ್ತದೆ. ಅವನು ತನ್ನ ಹಣೆಬರಹವನ್ನು ಬೈದುಕೊಳ್ಳುತ್ತಾನೆ.

ಹೀಗಿರುವಾಗ ಒಬ್ಬ ಮನುಷ್ಯ ಆ ಫಿಲ್ಟರನ್ನು ಏಕೆ ಬದಲಾಯಿಸಬೇಕು?

ಪ್ರಶ್ನೆ ಹಳೆಯದು. ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದ ಎರಡನೆಯ ಭಾಗದಲ್ಲಿ ಗೈಜಿಸನ ಉಂಗುರದ ಕಥೆ ತರುತ್ತಾನೆ. ತೊಟ್ಟವನು ಅದೃಶ್ಯನಾಗುವ ಉಂಗುರ. ಅದು ಕೈಗೆ ಸಿಕ್ಕಿದರೆ ನ್ಯಾಯವಂತನೂ ಅನ್ಯಾಯಗಾರನೂ ಒಂದೇ ರೀತಿ ನಡೆದುಕೊಳ್ಳುತ್ತಾರೆ ಎಂದು ಗ್ಲಾಕನ್ ವಾದಿಸುತ್ತಾನೆ. ಜನ ನ್ಯಾಯವಾಗಿರುವುದು ಸಿಕ್ಕಿಬೀಳುವ ಭಯದಿಂದ ಮಾತ್ರ ಎಂಬುದು ಅವನ ಸವಾಲು. ತರಗತಿಯಲ್ಲಿ ಈ ಕಥೆ ಹೇಳಿದಾಗ ಹುಡುಗರು ನಗುತ್ತಾರೆ, ಅಂಥ ಉಂಗುರ ಎಲ್ಲಿದೆ ಸಾರ್ ಎನ್ನುತ್ತಾರೆ. ಗಾಡಿಯ ಅಡಿಯಲ್ಲಿ ಬೆನ್ನಿನ ಮೇಲೆ ಮಲಗಿ ಕೆಲಸ ಮಾಡುವವನ ಬೆರಳಲ್ಲಿದೆ. ಉತ್ತರಪತ್ರಿಕೆ ತಿದ್ದುವವನ ಬೆರಳಲ್ಲಿದೆ, ಗೋಡೆಯೊಳಗೆ ವೈರ್ ಎಳೆಯುವವನ, ಕಾಂಕ್ರೀಟಿಗೆ ಸಿಮೆಂಟ್ ಬೆರೆಸುವವನ ಬೆರಳಲ್ಲೂ ಇದೆ. ನಮ್ಮ ನಗರ ನಿಂತಿರುವುದೇ ಇಂಥ ಉಂಗುರ ತೊಟ್ಟವರ ಕೈಕೆಲಸದ ಮೇಲೆ.

ಇಮ್ಯಾನ್ಯುಯೆಲ್ ಕಾಂಟ್ 1785ರಲ್ಲಿ ಬರೆದ ನೀತಿಶಾಸ್ತ್ರದ ಗ್ರಂಥದಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಕೊಡುತ್ತಾನೆ. ಆತ ಏನೂ ತಿಳಿಯದ ಮಗು ಬಂದರೂ ಸರಿಯಾದ ಬೆಲೆಗೇ ಕೊಡುತ್ತಾನೆ. ಆದರೆ ಅದು ವ್ಯಾಪಾರಕ್ಕೆ ಒಳ್ಳೆಯದು ಎಂಬ ಕಾರಣಕ್ಕಾದರೆ ಅದರಲ್ಲಿ ನೈತಿಕವಾದ ಹಿರಿಮೆಯೇನೂ ಇಲ್ಲ ಎನ್ನುತ್ತಾನೆ ಕಾಂಟ್. ಎರಡು ಫಿಲ್ಟರುಗಳನ್ನು ಈ ಮಾತಿನ ಮುಂದಿಟ್ಟು ನೋಡಬಹುದು. ಡೀಸೆಲ್ ಫಿಲ್ಟರನ್ನು ನಿಯತ್ತಿನಿಂದ ಬದಲಾಯಿಸಲು ಲಾಭದ ಲೆಕ್ಕವೇ ಸಾಕು. ಗಾಡಿ ಘಾಟಿಯಲ್ಲಿ ನಿಂತರೆ ಗಿರಾಕಿ ನಾಳೆಯೇ ಬಂದು ಜಗಳ ತೆಗೆಯುತ್ತಾನೆ. ಆಯಿಲ್ ಫಿಲ್ಟರಿಗೆ ಆ ಲೆಕ್ಕ ಕೈಕೊಡುತ್ತದೆ. ಅಲ್ಲಿ ಲಾಭವಿರುವುದು ಬದಲಾಯಿಸದೆ ಬಿಲ್ಲು ಬರೆಯುವುದರಲ್ಲಿ. ಆದರೂ ಬದಲಾಯಿಸುವವರು ಇದ್ದಾರಲ್ಲ, ಅವರನ್ನು ಹಿಡಿದು ನಿಲ್ಲಿಸಿರುವುದು ಏನು?

ಕಳೆದ ಮಳೆಗಾಲದಲ್ಲಿ ನಡೆದ ಒಂದು ಮಾತುಕತೆಯನ್ನು ಇಲ್ಲಿ ಹೇಳಬೇಕು. ಭಾವನಿಗೆ ಆಗ ಕೈ ಕಟ್ಟಿತ್ತು. ಎರಡು ತಿಂಗಳು ಬಾಡಿಗೆಯಿಲ್ಲ, ಗಾಡಿಯ ಕಂತು ಮಾತ್ರ ನಿಲ್ಲುವುದಿಲ್ಲ. ಅವರು ಮೆಕ್ಯಾನಿಕ್‌ಗೆ ಹೇಳಿದರು: "ಅಣ್ಣ, ಆಯಿಲ್ ಮಾತ್ರ ಚೇಂಜ್ ಮಾಡಿ ಸಾಕು. ಫಿಲ್ಟರ್ ಮುಂದಿನ ಸಲ ನೋಡುವ."

ಅಣ್ಣ ತಲೆ ಎತ್ತಲಿಲ್ಲ. "ಹಾಗಾದ್ರೆ ಆಯಿಲೂ ಬೇಡ ಬಿಡಿ. ಹಳೆ ಫಿಲ್ಟರಿಗೆ ಹೊಸ ಆಯಿಲ್ ನಾನು ಹಾಕುದಿಲ್ಲ."

"ನನ್ನ ಗಾಡಿ, ನನ್ನ ದುಡ್ಡು ಮಾರಾಯ್ರೆ. ನಿಮಗೆಂತ?"

"ಗಾಡಿ ನಿಮ್ದೇ. ರಾತ್ರಿ ಓಡಿಸುದು ನೀವಾ?"

ಡ್ರೈವರ್ ಅಲ್ಲೇ ಟಯರಿನ ಮೇಲೆ ಕೂತಿದ್ದ. ಅವನು ಏನೂ ಹೇಳಲಿಲ್ಲ. ಕೊನೆಗೆ ಅಣ್ಣ ಎರಡೂ ಫಿಲ್ಟರುಗಳನ್ನು ಹಾಕಿ, ಅವುಗಳ ದುಡ್ಡು ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ಕೊಡಿ ಎಂದರು.

ಈ ಮಾತನ್ನು ನಾನು ಬಹಳ ಸಲ ತಿರುಗಿಸಿ ನೋಡಿದ್ದೇನೆ. ಭಾವನ ವಾದ ಸುಳ್ಳೇನಲ್ಲ. ಗಾಡಿ ಅವರದ್ದು, ನಷ್ಟವಾದರೆ ಅವರದ್ದೇ. ತನ್ನ ವಸ್ತುವನ್ನು ಕೆಡಿಸಿಕೊಳ್ಳುವ ಸ್ವಾತಂತ್ರ್ಯವೂ ಸ್ವಾತಂತ್ರ್ಯವೇ. ಹಾಗಾಗಿ ಮೆಕ್ಯಾನಿಕ್ ಗಿರಾಕಿಯ ಹಿತವನ್ನು ಗಿರಾಕಿಗಿಂತ ಹೆಚ್ಚು ಬಲ್ಲೆನೆಂದು ಹೊರಟರೆ ಅದು ಯಜಮಾನಿಕೆಯಾಗುತ್ತದೆ. ಆದರೆ ಅಣ್ಣನ ಪ್ರಶ್ನೆ ಆ ವಾದದ ಬುಡಕ್ಕೇ ಕೈಹಾಕಿತು. ಉಳಿತಾಯ ಒಬ್ಬರದು, ಅಪಾಯ ಇನ್ನೊಬ್ಬರದು. ಎಂಜಿನ್ ಹಿಡಿದುಕೊಂಡು ಮಳೆಯಲ್ಲಿ ಘಾಟಿಯ ತಿರುವಿನಲ್ಲಿ ಗಾಡಿ ನಿಂತರೆ, ಹಿಂದಿನಿಂದ ಬರುವ ಲಾರಿಗೆ ಕೈ ತೋರಿಸುತ್ತಾ ನಿಲ್ಲಬೇಕಾದವನು ಟಯರಿನ ಮೇಲೆ ಸುಮ್ಮನೆ ಕೂತಿದ್ದ ಆ ಹುಡುಗ. ಮಾತುಕತೆಯಲ್ಲಿ ಅವನಿಗೆ ಪಾಲಿರಲಿಲ್ಲ. ಆದ್ದರಿಂದ ಅಣ್ಣ ಅಲ್ಲಿ ಮಾತಾಡಿದ್ದು ಮಾಲೀಕನ ಹಿತಕ್ಕಾಗಿ ಅಲ್ಲ ಎಂದು ನನಗನಿಸುತ್ತದೆ. ಬಾಯಿಲ್ಲದವನ ಪರವಾಗಿ ಅವರು ಬೆಲೆಯನ್ನು ತಾವೇ ಎರಡು ತಿಂಗಳು ಹೊತ್ತುಕೊಂಡರು.

ಅವರು ಕೆಲಸ ಮಾಡುವುದನ್ನು ನೋಡುತ್ತಿದ್ದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಹಳೆಯ ಆಯಿಲ್ ಫಿಲ್ಟರ್ ಬಿಚ್ಚಿದ ಕೂಡಲೇ ಅದರ ರಬ್ಬರ್ ರಿಂಗ್ ಜೊತೆಗೇ ಬಂತೋ ಇಲ್ಲವೋ ಎಂದು ಬೆರಳಾಡಿಸಿ ನೋಡುತ್ತಾರೆ. ಹಳೆಯ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಕೂತರೆ ಎಣ್ಣೆ ಸೋರಿಹೋಗುತ್ತದೆ. ಹೊಸ ರಿಂಗಿಗೆ ಎಣ್ಣೆ ಸವರಿ, ಕೈಯಿಂದಲೇ ತಿರುಗಿಸಿ, ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು ಬಿಗಿಯುತ್ತಾರೆ. ಡೀಸೆಲ್ ಫಿಲ್ಟರ್ ಹಾಕುವಾಗ ಒಂದು ಸುಲಭದ ದಾರಿಯಿದೆ. ಕ್ಯಾನಿನಲ್ಲಿರುವ ಡೀಸೆಲ್ಲನ್ನು ಹೊಸ ಫಿಲ್ಟರಿನ ನಡುವಿನ ತೂತಿಗೆ ಸುರಿದರೆ ಗಾಡಿ ಬೇಗ ಸ್ಟಾರ್ಟ್ ಆಗುತ್ತದೆ. ಆದರೆ ಆ ತೂತು ಸೋಸಿದ ಡೀಸೆಲ್ ಹೊರಹೋಗುವ ದಾರಿ. ಅಲ್ಲಿ ಸುರಿದ ಕಸ ಸೀದಾ ಇಂಜೆಕ್ಟರಿಗೆ ಹೋಗುತ್ತದೆ. ಕೆಲಸ ಕಲಿಯುವ ಹುಡುಗ ಕ್ಯಾನ್ ಎತ್ತಿಕೊಂಡರೆ ಅಣ್ಣ ಅದನ್ನು ಇಳಿಸಿ ಹ್ಯಾಂಡ್ ಪಂಪ್ ತೋರಿಸುತ್ತಾರೆ. ಏರ್ ಪೂರ್ತಿ ಹೋಗುವವರೆಗೆ, ಹೆಬ್ಬೆರಳು ನೋಯುವವರೆಗೆ ಒತ್ತಬೇಕು.

ಅವರ ಮನಸ್ಸಿನಲ್ಲಿ ಆಗ ಕಾಂಟ್ ಹೇಳಿದ ಕರ್ತವ್ಯದ ನಿಯಮವಿರುತ್ತದೆಯೆಂದು ನನಗನಿಸುವುದಿಲ್ಲ. ಲಾಭದ ಲೆಕ್ಕವೂ ಇರುವುದಿಲ್ಲ. ಅವರಿಗೆ ಒಳಗಿರುವುದು ಕಾಣುತ್ತದೆ, ಅಷ್ಟೇ. ಕಸದ ಕಣ ಹೋಗಿ ಯಾವ ಸಂದಿಯಲ್ಲಿ ಕೂರುತ್ತದೆ, ಯಾವ ಬೇರಿಂಗ್ ಹೇಗೆ ಗೀರುಬೀಳುತ್ತದೆ ಎಂಬುದನ್ನು ಬಿಚ್ಚಿದ ಎಷ್ಟೋ ಎಂಜಿನ್ನುಗಳಲ್ಲಿ ಅವರು ನೋಡಿದ್ದಾರೆ. ನಮಗೆ ಅದೃಶ್ಯವಾದ ಜಾಗ ಅವರಿಗೆ ಅದೃಶ್ಯವಲ್ಲ. ಗ್ಲಾಕನ್ ಉಂಗುರದ ಕಥೆಯಲ್ಲಿ ಇದನ್ನೇ ಬಿಟ್ಟುಬಿಟ್ಟಿದ್ದಾನೆ. ಉಂಗುರ ಮನುಷ್ಯನನ್ನು ಬೇರೆಯವರಿಂದ ಮರೆಮಾಡಬಹುದು. ಮಾಡಿದ ಕೆಲಸದ ಪರಿಣಾಮವನ್ನು ಬಲ್ಲವನಿಂದಲೇ ಮರೆಮಾಡಲಾರದು. ಕೆಲಸವನ್ನು ಆಳವಾಗಿ ಬಲ್ಲವನಿಗೆ ಹೊಣೆ ಹೊರಗಿನಿಂದ ಬರಬೇಕಾಗಿಲ್ಲ, ಆ ತಿಳಿವಳಿಕೆಯ ಜೊತೆಗೇ ಬಂದಿರುತ್ತದೆ.

ಹನ್ನೆರಡನೆಯ ಶತಮಾನದ ಶರಣರು ಕಾಯಕ ಎಂದದ್ದು ಇದಕ್ಕೆ ಹತ್ತಿರವಾದುದು ಎಂದು ತೋರುತ್ತದೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದು ಬದುಕಿದವರು. ಹುಲ್ಲು ಕೊಯ್ಯುವಾಗ ಮೈಮೇಲಿನ ಲಿಂಗ ಕಳಚಿ ನೀರಿಗೆ ಬಿದ್ದರೂ ಅವರು ಕೆಲಸ ನಿಲ್ಲಿಸಲಿಲ್ಲ, ಲಿಂಗವೇ ಅವರ ಬೆನ್ನುಹತ್ತಿ ಬಂತು ಎಂಬುದು ಕಥೆ. ನೋಡುವ ದೇವರನ್ನೂ ಮರೆತು ಮಾಡುವ ಕೆಲಸವೊಂದಿದೆ ಎಂಬ ಈ ಕಲ್ಪನೆ ನನಗೆ ಧೈರ್ಯದ್ದೆನಿಸುತ್ತದೆ. ದೇವರು ನೋಡುತ್ತಾನೆ ಎಂಬ ಭಯವೂ ಕೊನೆಗೆ ಸಿಕ್ಕಿಬೀಳುವ ಭಯದ ಇನ್ನೊಂದು ರೂಪವೇ ಅಲ್ಲವೇ? ಆಯುಧಪೂಜೆಯ ದಿನ ನಾವು ಗಾಡಿಗೆ ಚೆಂಡುಹೂವಿನ ಮಾಲೆ ಹಾಕುತ್ತೇವೆ, ಚಕ್ರದಡಿ ಲಿಂಬೆಹಣ್ಣು ಇಡುತ್ತೇವೆ. ಆ ಭಕ್ತಿ ಸುಳ್ಳಲ್ಲ. ಆದರೆ ಗಾಡಿಗೆ ನಿಜವಾದ ಗೌರವ ಸಲ್ಲುವುದು ಅದರ ಅಡಿಯಲ್ಲಿ ರಬ್ಬರ್ ರಿಂಗಿನ ಮೇಲೆ ಓಡಾಡುವ ಬೆರಳಿನಿಂದ.

ಇಷ್ಟು ಹೇಳಿ ಮೆಕ್ಯಾನಿಕ್‌ನನ್ನು ಹೊಗಳಿ ಮುಗಿಸಿದರೆ ಅದು ಅನ್ಯಾಯವಾದೀತು. ಒಳ್ಳೆಯತನದ ಭಾರವನ್ನೆಲ್ಲ ಕೈ ಕಪ್ಪಾಗಿಸಿಕೊಂಡವನ ಮೇಲೆ ಹೊರಿಸಿ ನಾವು ಬಿಳಿ ಅಂಗಿಯಲ್ಲಿ ಮೆಚ್ಚುತ್ತಾ ಕೂರುವುದು ಸುಲಭ. ದಿನಕ್ಕೆ ಇಷ್ಟು ಗಾಡಿ ಮುಗಿಸಲೇಬೇಕೆಂಬ ಗಡುವಿನಲ್ಲಿ, ಕಡಿಮೆ ಸಂಬಳಕ್ಕೆ ದುಡಿಯುವ ಹುಡುಗನಿಗೆ ಹೆಬ್ಬೆರಳು ನೋಯುವವರೆಗೆ ಪಂಪ್ ಒತ್ತುವ ಸಮಯವನ್ನು ಯಾರು ಕೊಟ್ಟಿದ್ದಾರೆ? ಎಲ್ಲಿ ಅಗ್ಗವೋ ಅಲ್ಲಿಗೆ ಹೋಗುವ, ಬಿಲ್ಲಿನಲ್ಲಿ ಇನ್ನೂರು ರೂಪಾಯಿ ಕಡಿತ ಮಾಡಿಸಿಕೊಂಡು ಗೆದ್ದೆನೆಂದು ಬೀಗುವ ಗಿರಾಕಿಯೂ ಆ ಬೈಪಾಸ್ ವಾಲ್ವನ್ನು ತೆರೆಯುವವನೇ. ಬೆಲೆ ಇಳಿಸಿದಷ್ಟೂ ಕೆಲಸ ಎಲ್ಲೋ ಒಂದು ಕಡೆ ಕುಗ್ಗಲೇಬೇಕು. ಕಾಣುವ ಕಡೆ ಕುಗ್ಗಿದರೆ ಗಲಾಟೆಯಾಗುತ್ತದೆ, ಹಾಗಾಗಿ ಕಾಣದ ಕಡೆ ಕುಗ್ಗುತ್ತದೆ. ಬಿಚ್ಚಿದ ಕಪ್ಪು ಎಣ್ಣೆಯ ಗತಿಯೂ ಇದೇ. ಅದನ್ನು ಸರಿಯಾಗಿ ವಿಲೇವಾರಿ ಮಾಡುವವರಿಗೆ ಕೊಡುವುದು ತಾಪತ್ರಯ, ಚರಂಡಿಗೆ ಬಿಡುವುದು ಸಲೀಸು. ಮಂಗಳೂರಿನಲ್ಲಿ ಚರಂಡಿಯ ನೀರು ಮಳೆಗಾಲದಲ್ಲಿ ಹೊಳೆ ಸೇರಲು, ಹೊಳೆ ಕಡಲು ಸೇರಲು ಹೆಚ್ಚು ಹೊತ್ತು ಬೇಕಿಲ್ಲ. ಆಗಸ್ಟಿನಲ್ಲಿ ಅದೇ ಕಡಲಿನ ಮೀನನ್ನು ಅದೇ ಪಿಕಪ್ ಹೊತ್ತು ತರುತ್ತದೆ.

ಹಾಗಾದರೆ ಬಿಚ್ಚಿ ನೋಡಲಾರದ ನಮ್ಮ ಪಾಲಿನ ಕರ್ತವ್ಯವೇನು? ಹಳೆಯ ಫಿಲ್ಟರ್ ತೋರಿಸಿ ಎಂದು ಕೇಳಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಪ್ರತಿಯೊಂದಕ್ಕೂ ಸಾಕ್ಷಿ ಕೇಳುತ್ತಾ ಹೋದರೆ ಬದುಕು ಒಂದು ತಪಾಸಣೆಯಾಗಿ ಮುಗಿಯುತ್ತದೆ. ಸಾಕ್ಷಿ ಎಲ್ಲೋ ಒಂದೆಡೆ ನಿಲ್ಲಲೇಬೇಕು, ಅಲ್ಲಿಂದಾಚೆ ನಂಬಿಕೆಯಲ್ಲೇ ನಡೆಯಬೇಕು. ನಂಬುವವನಿಗೂ ಒಂದು ಕರ್ತವ್ಯವಿದೆ: ನಂಬಿಕೆಗೆ ತಕ್ಕ ಬೆಲೆಯನ್ನೂ ಸಮಯವನ್ನೂ ಕೊಡುವುದು. ಸರಿಯಾದ ಕೆಲಸ ಮಾಡಿದವನು ನಷ್ಟಕ್ಕೆ ಬೀಳದಂತೆ ನೋಡಿಕೊಳ್ಳುವುದು. ಜೊತೆಗೆ, ನಮ್ಮ ಉಳಿತಾಯದ ಅಪಾಯವನ್ನು ರಾತ್ರಿಯಲ್ಲಿ ಓಡಿಸುವವನು ಯಾರು ಎಂದು ಒಮ್ಮೆ ಕೇಳಿಕೊಳ್ಳುವುದು.

ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ನಾಳೆ ಯಾವುದೋ ಒಂದು ಕಾಣದ ಜಾಗದಲ್ಲಿ ಕೆಲಸ ಮಾಡುವವರು. ಸಾಫ್ಟ್‌ವೇರಿನ ಯಾರೂ ಓದದ ಸಾಲುಗಳಲ್ಲಿ, ಪ್ರಯೋಗಾಲಯದ ವರದಿಗಳಲ್ಲಿ, ತರಗತಿಗಳಲ್ಲಿ. ನೀವು ಮಾಡಿದಿರೋ ಬಿಟ್ಟಿರೋ ಎಂಬುದು ಹಲವು ವರ್ಷ ಯಾರಿಗೂ ಗೊತ್ತಾಗದಿರಬಹುದು, ಎಂದಿಗೂ ಗೊತ್ತಾಗದೆಯೂ ಇರಬಹುದು. ಅಂಥ ಕೆಲಸವನ್ನು ಸರಿಯಾಗಿ ಮಾಡಲು ದೊಡ್ಡ ಆದರ್ಶಗಳಿಗಿಂತ ಮೊದಲು ಬೇಕಾದುದು ಆ ಕೆಲಸದ ಒಳಗು ಚೆನ್ನಾಗಿ ಗೊತ್ತಿರುವುದು. ಕಸ ಎಲ್ಲಿಗೆ ಹೋಗಿ ಕೂರುತ್ತದೆಂದು ಬಲ್ಲವನಿಗೆ ಕ್ಯಾನ್ ಎತ್ತಲು ಕೈ ಬರುವುದಿಲ್ಲ.