ಮನೆಗೆ ಬರಬೇಡಿ ಎಂದ ಮೇಲೆ

ನಮ್ಮ ಬಸರಾಳಿನಲ್ಲಿ ಹಿಂದೆಲ್ಲ ಒಡವೆ ಮಾರುವುದೆಂದರೆ ಸೆರಗಿನಲ್ಲಿ ಗಂಟು ಕಟ್ಟಿ ಕೊಳ್ಳುವವರ ಮನೆಗೇ ಕೊಟ್ಟು ಬರುವುದು. ಹೆಂಗಸರು ನೋಡಿ, ಒಂದು ರಾತ್ರಿ ಇಟ್ಟುಕೊಂಡು, ಮರುದಿನ ಮಾತು ಹೇಳುತ್ತಿದ್ದರು. ಅವ್ವನ ಕಾಸಿನ ಸರವನ್ನು ನಾನು ಮೊಬೈಲಿನಲ್ಲಿ ಮಾರಾಟಕ್ಕಿಟ್ಟೆ. ಅವಳ ಮಂಡಿ ಆಪರೇಷನ್ನಿಗೆ ದುಡ್ಡು ಬೇಕಿತ್ತು. ಅಂಗಡಿಯವರು ಕರಗಿಸುವ ಲೆಕ್ಕವನ್ನಷ್ಟೇ ಹೇಳಿದ್ದರು.

ಮದ್ದೂರಿನಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿ, "ಕಣ್ಣಾರೆ ನೋಡ್ದೆ ಹೆಂಗೆ ತಗೊಳ್ಳೋದು ಸಾರ್?" ಎಂದರು. ನ್ಯಾಯವೇ. ಆದರೆ ಮನೆಯ ದಾರಿ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಮಂಡ್ಯದ ಬ್ಯಾಂಕಿಗೆ ಹಗಲು ಹನ್ನೊಂದಕ್ಕೆ ಬನ್ನಿ, ಹಣ ಖಾತೆಗೆ ಬಂದ ಮೇಲೆಯೇ ಸರ ಕೊಡುತ್ತೇನೆ ಎಂದೆ. (2017ರಿಂದ ಎರಡು ಲಕ್ಷ ಮುಟ್ಟಿದ ನಗದು ಪಡೆಯುವುದು ಕಾನೂನಿಗೆ ವಿರುದ್ಧ, ಆ ನೆಪ ಅನುಕೂಲಕ್ಕೆ ಬಂತು.)

ಕಳ್ಳನಿಗೆಂದು ಹಾಕಿದ ಬೇಲಿಗೆ ಮೊದಲು ಸಿಕ್ಕಿಕೊಳ್ಳುವುದು ಒಳ್ಳೆಯವರ ಸೀರೆಯೇ. ಮುಖ ಕಾಣದವರನ್ನು ಅನುಮಾನಿಸುವ ಹಕ್ಕು ನನಗಿದೆಯೇ? ಒಡವೆ ನನ್ನದಾಗಿದ್ದರೆ ನಂಬಿ ಕೆಡಬಹುದಿತ್ತು. ಅವ್ವನ ಮಂಡಿಯನ್ನು ಪಣಕ್ಕಿಟ್ಟು ಉದಾರಿಯಾಗುವುದು ಯಾವ ದೊಡ್ಡಸ್ತಿಕೆ? 1234ರ ಸುಮಾರಿಗೆ ಹರಿಹರ ದಂಡನಾಯಕ ಕಟ್ಟಿಸಿದ ನಮ್ಮ ಮಲ್ಲಿಕಾರ್ಜುನ ಗುಡಿಯ ಹೊರಗೋಡೆಯ ಹೆಂಗಸರು ಮೈತುಂಬ ಒಡವೆ ಹೊತ್ತು ಹಗಲಿರುಳು ನಿಂತಿದ್ದಾರೆ. ಕಲ್ಲಿಗಾದರೆ ಆ ಧೈರ್ಯ ಸಲ್ಲುತ್ತದೆ.

ಆಕೆ ಅಣ್ಣನೊಂದಿಗೆ ಬಂದರು. ಹಾಲ್‌ಮಾರ್ಕ್ ಇಲ್ಲದ ಕಾಲದ ಸರ. ಚಿನ್ನದ ಸಾಲಕ್ಕೆ ಒಡವೆ ತೂಗುವ ಪರೀಕ್ಷಕರು ಉಪಕಾರಕ್ಕೆಂದು ಒರೆಗಲ್ಲಿಗೆ ಉಜ್ಜಿ ನೋಡಿದರು. ಎರಡು ಕಾಸಿಗೆ ಬೆಸುಗೆ ಹಾಕಿಸಿದ್ದನ್ನು ನಾನೇ ತೋರಿಸಿದೆ. "ಮನೆಗೆ ಕರೀದೇ ಇದ್ದದ್ದು ಒಳ್ಳೇದಾಯ್ತು ಸಾರ್, ನಂಗೂ ಭಯ ಇತ್ತು" ಎಂದು ಆಕೆ ನಕ್ಕರು.

ಸಂಜೆ ಅವ್ವ ಬೆಲೆ ಕೇಳಲಿಲ್ಲ. "ಆವಮ್ಮಂಗೆ ಕಾಪಿನಾದ್ರೂ ಕುಡಿಸ್ದಾ ಮಗ?" ಎಂದಳು.