ಬಿಚ್ಚಲು ಬರುವ ಕೆಲಸ

ಹಾವೇರಿ ಸೀಮೆಯ ಹಳೆಯ ಮನೆಗಳ ಅಟ್ಟ ಹುಡುಕಿದರೆ ಒಮ್ಮೊಮ್ಮೆ ಕಲಘಟಗಿಯ ತೊಟ್ಟಿಲು ಸಿಗುತ್ತದೆ. ಸಾಗವಾನಿ ಕಟ್ಟಿಗೆ, ಕಡೆದ ಕಾಲುಗಳು, ಸುತ್ತಲಿನ ಹಲಗೆಗಳ ಮೇಲೆ ಅರಗು ಬೆರೆತ ಬಣ್ಣದಲ್ಲಿ ಕೃಷ್ಣನ ಬಾಲಲೀಲೆಯೋ ರಾಮಾಯಣದ ಪ್ರಸಂಗವೋ. ಹಾನಗಲ್ಲಿನ ತಾರಕೇಶ್ವರ ಗುಡಿಯ ಕಂಬಗಳನ್ನು ನೋಡಿದವರಿಗೆ ಈ ಕಾಲುಗಳ ಸುತ್ತುಗಳು ಹೊಸವೆನಿಸುವುದಿಲ್ಲ. ಚೊಚ್ಚಲ ಕೂಸಿಗೆ ತವರಿನವರು ಕೊಟ್ಟದ್ದು, ಎರಡು ಮೂರು ತಲೆಮಾರಿನ ಮಕ್ಕಳು ಮಲಗಿ ಎದ್ದದ್ದು.

ಮೊಮ್ಮಗು ಬರುವ ಸುದ್ದಿ ಬಂದೊಡನೆ ತೊಟ್ಟಿಲು ಅಟ್ಟದಿಂದ ಇಳಿಯುತ್ತದೆ. ಅದರ ಜೊತೆಗೇ ಒಂದು ಮಾತೂ ಇಳಿಯುತ್ತದೆ: "ಮಷೀನ್ ಹಚ್ಚಿ ತಿಕ್ಕಿಸಿ, ಹೊಸಾ ಬಣ್ಣ ಹೊಡಸೂಣ." ಹಿತ್ತಲ ಮನೆಯಲ್ಲಿ ಉಳಿ, ಹತ್ತರಿ, ಕೊಡತಿ ಇಟ್ಟುಕೊಂಡು ಹಳೆಯ ಸಾಮಾನು ರಿಪೇರಿ ಮಾಡುವ ನನ್ನಂಥವನಿಗೆ ಈ ಮಾತು ಕೇಳಿದರೆ ಎದೆ ಝಲ್ಲೆನ್ನುತ್ತದೆ. ತಿಕ್ಕುವ ಯಂತ್ರಕ್ಕೆ ಆ ಚಿತ್ರ ಅಳಿಸಲು ಕೆಲವೇ ನಿಮಿಷ ಸಾಕು. ಅಳಿದದ್ದನ್ನು ಮತ್ತೆ ಬರೆಯುವ ಕೈಗಳು ಈಗ ಕಲಘಟಗಿಯಲ್ಲೇ ತೀರಾ ವಿರಳ.

ದುರಸ್ತಿಯ ಬಗ್ಗೆ ನನಗಿರುವ ನಂಬಿಕೆ ಒಂದೇ. ಇಂದು ನಾವು ಮಾಡಿದ್ದನ್ನು ನಾಳೆ ಇನ್ನೊಬ್ಬರು ಬಿಚ್ಚಲು ಬರುವಂತಿರಬೇಕು. ಇದನ್ನು ನಾನು ಕಲಿತದ್ದು ನಮ್ಮ ಒಕ್ಕಲುತನದ ಸಾಮಾನುಗಳಿಂದ.

ಕುಂಟೆಯನ್ನೇ ನೋಡಿ. ದಿಂಡಿನ ಚೌಕ ತೂತಿಗೆ ತಾಳು ಕೂತಿರುತ್ತದೆ, ಬಿಗಿಗೆ ಬೆಣೆ ಇರುತ್ತದೆ. ಸಡಿಲಾದರೆ ಬೆಣೆ ಬಡಿದರಾಯಿತು, ತಾಳು ಮುರಿದರೆ ತಾಳಷ್ಟೇ ಬದಲು. ದಿಂಡು ಹಾಗೇ ಉಳಿಯುತ್ತದೆ. ಕೂರಿಗೆಯದೂ ಚಕ್ಕಡಿಯದೂ ಇದೇ ರೀತಿ. ಯಾಕೆ ಹೀಗೆ ಎಂದು ಬಹಳ ಯೋಚಿಸಿದ್ದೇನೆ. ಉತ್ತರ ಆಯದ ಪದ್ಧತಿಯಲ್ಲಿದೆ ಎನಿಸುತ್ತದೆ. ಊರ ಬಡಿಗೇರನಿಗೆ ರೈತರು ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಅದು ಒಂದೊಂದು ಕೆಲಸಕ್ಕೆ ಇಷ್ಟೆಂದು ಎಣಿಸಿದ ಕೂಲಿಯಲ್ಲ. ವರ್ಷವಿಡೀ ಆ ಮನೆಯ ನೇಗಿಲು, ಕುಂಟೆ, ಕೂರಿಗೆ ನಡೆಯುವಂತೆ ನೋಡಿಕೊಂಡದ್ದಕ್ಕೆ ಸಂದದ್ದು. ರೋಹಿಣಿ ಮಳೆಗೆ ಮುಂಚೆ ಊರಿನ ಕೂರಿಗೆಗಳೆಲ್ಲ ಅವನ ಮನೆ ಮುಂದೆ ಬಂದು ಬೀಳುತ್ತಿದ್ದವು. ಹೊಸದನ್ನು ಮಾರಿದರೆ ಅವನಿಗೆ ಹೆಚ್ಚು ಸಿಗುತ್ತಿರಲಿಲ್ಲ, ಇದ್ದದ್ದು ಬೇಗ ದುರಸ್ತಿಯಾದರೆ ಅವನ ಹೊತ್ತು ಉಳಿಯುತ್ತಿತ್ತು. ಆದ್ದರಿಂದ ಸುಲಭವಾಗಿ ಬಿಚ್ಚಿ ಕೂಡಿಸಲು ಬರುವಂತೆ ಮಾಡುವುದರಲ್ಲೇ ಅವನ ಜಾಣತನವಿತ್ತು. ಆಯದ ಜೊತೆಗೆ ಜಾತಿಯ ಕಟ್ಟೂ ಇತ್ತು, ಹುಟ್ಟಿನಿಂದಲೇ ಉದ್ಯೋಗ ನಿಗದಿಯಾಗುತ್ತಿತ್ತು. ಅದು ಹೋದದ್ದು ಒಳ್ಳೆಯದೇ. ಆ ಜೋಡಣೆಯ ಅರಿವು ಮಾತ್ರ ಅದರ ಜೊತೆ ಹೋಗಬಾರದು.

ಅಂಟಿನ ವಿಷಯವೂ ಅಷ್ಟೇ. 1959ರಲ್ಲಿ ಫೆವಿಕಾಲ್ ಬರುವ ಮುಂಚೆ ಬಡಿಗೇರರು ಸರೇಸು ಕುದಿಸುತ್ತಿದ್ದರು. ದನದ ತೊಗಲು, ಎಲುಬಿನಿಂದ ತೆಗೆದ ಆ ಅಂಟು ನಾರುತ್ತಿತ್ತು, ಪ್ರತಿ ಸಲ ಕಾಯಿಸಬೇಕಿತ್ತು. ಬಿಳಿ ಅಂಟು ಆ ಕಷ್ಟ ತಪ್ಪಿಸಿತು. ಹೊಸ ಕೆಲಸಕ್ಕೆ ನಾನೂ ಅದನ್ನೇ ಬಳಸುತ್ತೇನೆ. ಆದರೆ ಸರೇಸಿಗೆ ಒಂದು ದೊಡ್ಡ ಗುಣವಿದೆ. ಬಿಸಿ ಮತ್ತು ತೇವ ತಾಗಿದರೆ ಅದು ಮತ್ತೆ ಕರಗುತ್ತದೆ, ಹಳೆಯ ಸರೇಸಿನ ಮೇಲೆ ಹೊಸದು ಕೂಡಿಕೊಳ್ಳುತ್ತದೆ. ಪಿಟೀಲು ಮಾಡುವವರು ಜಗತ್ತಿನ ಎಲ್ಲೆಡೆ ಇಂದಿಗೂ ಇಂಥ ಅಂಟನ್ನೇ ಬಳಸುವುದು, ಒಳಗಿನ ರಿಪೇರಿಗೆ ಮೇಲಿನ ಹಲಗೆ ಬಿಚ್ಚಲು ಬರಬೇಕೆಂದು. ಬಿಳಿ ಅಂಟು ಒಣಗಿ ಸಂದು ಒಮ್ಮೆ ಬಿಟ್ಟಿತೆಂದರೆ ಅದರ ಮೇಲೆ ಬೇರೆ ಅಂಟು ಹಿಡಿಯುವುದಿಲ್ಲ. ಹೊಸ ಕಟ್ಟಿಗೆ ಕಾಣುವ ತನಕ ಉಳಿಯಿಂದ ಹೆರೆಯಬೇಕು, ಹೆರೆದಷ್ಟೂ ಜೋಡಣೆ ಸಡಿಲಾಗುತ್ತದೆ.

ಹಳೆಯ ಕುರ್ಚಿ, ಮೇಜು, ಕಪಾಟಿನ ಹೊಳಪು ಯಾವುದರದು ಎಂದು ತಿಳಿಯಲು ಸುಲಭ ಪರೀಕ್ಷೆ ಇದೆ. ಕಾಲಿನ ಒಳಬದಿಯಂಥ ಮರೆಯ ಜಾಗದಲ್ಲಿ ಪಾಲಿಶ್‌ಗೆ ಬಳಸುವ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಒತ್ತಿ ಹಿಡಿಯಿರಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ಅಂದರೆ ಚಪಡಾ. ಸ್ಪಿರಿಟ್ಟಿಗೆ ಜಗ್ಗದೆ ಥಿನ್ನರಿಗೆ ಕರಗಿದರೆ ಲ್ಯಾಕರ್ ಇರಬಹುದು. ಎರಡಕ್ಕೂ ಜಗ್ಗದಿದ್ದರೆ ಇತ್ತೀಚಿನ ಮೆಲಮೈನ್, ಪಿಯು ಇದ್ದೀತು. ಬಣ್ಣದ ಚಿತ್ರವಿರುವ ತೊಟ್ಟಿಲಿಗೆ ಮಾತ್ರ ಈ ಪರೀಕ್ಷೆ ಬೇಡವೇ ಬೇಡ. ಅಲ್ಲಿ ಬಣ್ಣದೊಳಗೇ ಅರಗು ಇರುವುದರಿಂದ ಸ್ಪಿರಿಟ್ ತಾಗಿದ ಕಡೆ ಕೃಷ್ಣನ ನೀಲಿ ಹತ್ತಿಗೆ ಬಂದುಬಿಡುತ್ತದೆ. ಮೆತ್ತನೆಯ ಕುಂಚದಿಂದ ಧೂಳು ಜಾಡಿಸಿ, ಒಣ ಅರಿವೆಯಿಂದ ಒರೆಸಿದರೆ ಸಾಕು.

ಅರಗು ಎಂದರೆ ಮುತ್ತುಗ, ಬಾರಿ ಮುಂತಾದ ಗಿಡಗಳ ರೆಂಬೆಯಲ್ಲಿ ಕೂತ ಸಣ್ಣ ಹುಳು ಸ್ರವಿಸುವ ರಾಳ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹತ್ತುವುದೂ ಇದರಿಂದಲೇ. ಚಪಡಾ ಹಳಕುಗಳನ್ನು ರಾತ್ರಿ ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಹತ್ತಿಯ ಉಂಡೆಗೆ ಹಳೆಯ ಧೋತರದ ತುಂಡು ಸುತ್ತಿ, ತೆಳ್ಳಗೆ, ಕೈ ನಿಲ್ಲಿಸದೆ ಒರೆಸುತ್ತ ಹೋಗಬೇಕು. ಪ್ರತಿ ಹೊಸ ಪದರು ಕೆಳಗಿನದನ್ನು ತುಸು ಕರಗಿಸಿ ಅದರೊಳಗೇ ಬೆರೆಯುತ್ತದೆ. ಅಜ್ಜನ ಕಾಲದಲ್ಲಿ ಯಾರೋ ಹಚ್ಚಿದ ಪಾಲಿಶ್ ಇಂದು ನಾನು ಹಚ್ಚಿದ್ದರ ಜೊತೆ ಒಂದಾಗುವುದನ್ನು ಕಣ್ಣಾರೆ ನೋಡುವ ಸುಖ ಬೇರೆ ಯಾವ ಕೆಲಸದಲ್ಲೂ ನನಗೆ ಸಿಕ್ಕಿಲ್ಲ. ಅರಗಿಗೆ ದೋಷಗಳೂ ಇವೆ. ಬಿಸಿ ಚಹಾದ ಕಪ್ಪು ಇಟ್ಟರೆ ಬಿಳಿ ಉಂಗುರ ಮೂಡುತ್ತದೆ, ಊಟದ ಮೇಜಿಗೆ ಅದು ತಾಳುವುದಿಲ್ಲ. ನೆನೆಹಾಕಿದ ಚಪಡಾ ತಿಂಗಳುಗಟ್ಟಲೆ ಇಟ್ಟರೆ ಆಮೇಲೆ ಸರಿಯಾಗಿ ಒಣಗುವುದೇ ಇಲ್ಲ, ಬೇಕಾದಷ್ಟೇ ಮಾಡಿಕೊಳ್ಳಬೇಕು. ಗಾಳಿಯಲ್ಲಿ ತೇವವಿದ್ದಾಗ ಹಚ್ಚಿದರೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಆದ್ದರಿಂದ ನಮ್ಮ ಕಡೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣ ದಿನಗಳು ಇದಕ್ಕೆ ತಕ್ಕ ಹೊತ್ತು.

ಹವೆಯ ಮಾತು ಬಂತು, ಬಾಗಿಲಿನ ಬಗ್ಗೆಯೂ ಹೇಳಬೇಕು. ಹಾನಗಲ್ಲ ಕಡೆ ಮಲೆನಾಡಿನ ಸೆರಗು, ರಾಣೆಬೆನ್ನೂರ ಕಡೆ ಬಯಲು; ನಡುವೆ ಬ್ಯಾಡಗಿ, ಹಾವೇರಿ. ಒಂದೇ ಜಿಲ್ಲೆಯಲ್ಲಿ ಕಟ್ಟಿಗೆ ಎರಡು ಬಗೆಯ ಹವೆಗೆ ಮೈ ಹೊಂದಿಸಿಕೊಳ್ಳುತ್ತದೆ. ಆಷಾಢದಲ್ಲಿ ತೇವ ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ, ಚೈತ್ರದಲ್ಲಿ ಕುಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಿತೆಂದು ಹತ್ತರಿ ಹೊಡೆಸುವವರು ಬೇಸಿಗೆಯಲ್ಲಿ ಸಂದಿನಿಂದ ಅಂಗಳ ನೋಡಬೇಕಾಗುತ್ತದೆ. ಹೆರೆದ ಕಟ್ಟಿಗೆ ಮತ್ತೆ ಬೆಳೆಯುವುದಿಲ್ಲ. ತಾಗುವ ಅಂಚಿಗೆ ಮೇಣ ತಿಕ್ಕಿ ಮಳೆಗಾಲ ದಾಟಿಸಿ, ಆಮೇಲೂ ಬಿಗಿಯಿದ್ದರೆ ಹತ್ತರಿ ಎತ್ತಬಹುದು.

ಅಗಸಿ ಎಣ್ಣೆ ಬಳಸುವವರಿಗೆ ಎಚ್ಚರಿಕೆಯ ಮಾತೊಂದಿದೆ. ಅದು ಗಾಳಿಯ ಆಮ್ಲಜನಕ ಹೀರಿ ಒಣಗುತ್ತದೆ, ಹಾಗೆ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಹಾಕಿದರೆ ಆ ಬಿಸಿ ಒಳಗೇ ಕೂಡಿ ತಾನಾಗಿ ಬೆಂಕಿ ಹತ್ತಬಹುದು. ನೀರಲ್ಲಿ ಅದ್ದಿ, ಹೊರಗೆ ಬಯಲಿನಲ್ಲಿ ಹರವಿ ಒಣಗಿಸಬೇಕು.

ತೊಟ್ಟಿಲಿನ ವಿಷಯದಲ್ಲಿ ಇದಕ್ಕಿಂತ ದೊಡ್ಡ ಅಪಾಯ ಸೀಸದ್ದು. ಯಾವಾಗಲೋ ಯಾರೋ ಮೇಲೆ ಎನಾಮಲ್ ಬಣ್ಣ ಬಳಿದಿದ್ದರೆ ಅದರಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಬಣ್ಣವನ್ನು ಯಂತ್ರದಿಂದ ತಿಕ್ಕಿದರೆ ಆ ಧೂಳು ಮನೆಯ ತುಂಬ ಹರಡುತ್ತದೆ, ಬಸುರಿಗೂ ಕೂಸಿಗೂ ಅದು ವಿಷ. ಅಂಥ ತೊಟ್ಟಿಲನ್ನು ನಾನು ತಿಕ್ಕುವುದಿಲ್ಲ. ಹಗ್ಗ, ಸರಪಳಿ ಬದಲಿಸಿ, ಸಡಿಲ ಗೂಟ ಬಿಗಿ ಮಾಡಿ, ನಾಮಕರಣದ ದಿನ ಜೋಗುಳ ಹಾಡಿ ತೂಗುವುದಕ್ಕೆ ಇಟ್ಟುಕೊಳ್ಳಿ ಎನ್ನುತ್ತೇನೆ. ದಿನದ ನಿದ್ದೆಗೆ, ಹಲ್ಲು ಬರುವ ಕೂಸು ಕಂಬಿ ಕಚ್ಚುವ ಹೊತ್ತಿಗೆ, ಬೇರೆ ತೊಟ್ಟಿಲು ಇರಲಿ. ಬಣ್ಣವಿಲ್ಲದ ಹೊಸ ಸಾಗವಾನಿ ತೊಟ್ಟಿಲಾದರೆ ಶುದ್ಧ ಚಪಡಾ ಸಾಕು. ಗುಳಿಗೆ, ಮಿಠಾಯಿಗಳ ಮೇಲೂ ಅರಗಿನ ಲೇಪ ಹಚ್ಚುತ್ತಾರೆ. ಪೂರಾ ಒಣಗಿದ ಮೇಲೆ ಭಯವಿಲ್ಲ.

ಕೆಲಸ ಮುಗಿದ ಮೇಲೆ ಹಲಗೆಯ ಅಡಿಗೆ, ಕಣ್ಣಿಗೆ ಬೀಳದ ಕಡೆ, ಪೆನ್ಸಿಲ್ಲಿನಿಂದ ಇಷ್ಟು ಬರೆಯುತ್ತೇನೆ: ಇಸವಿ, ತಿಂಗಳು, ಯಾವ ಅಂಟು, ಯಾವ ಪಾಲಿಶ್, ಯಾವ ಗೂಟ ಹೊಸದು. ಬಡಿಗೇರರ ಕೈಯಲ್ಲಿ ರಿಪೇರಿ ಮಾಡಿಸುವವರೂ ಕೇಳಿ ಬರೆಸಿಕೊಳ್ಳಬೇಕು. ಮುಂದೆ ಅದನ್ನು ಬಿಚ್ಚುವವರಿಗೆ ಎಲ್ಲಿ ಬಿಸಿ ನೀರು ಹಾಕಬೇಕು, ಎಲ್ಲಿ ಸ್ಪಿರಿಟ್ ಹಚ್ಚಬಾರದು ಎಂದು ತಿಳಿಯುತ್ತದೆ.